ಟಿ42ಕ್ಕೆ ಐಡಿಇ ಡಿಸ್ಕ್ ಹುಡುಕುವುದನ್ನು ಬಿಟ್ಟ ಮೇಲೆ

ನನ್ನ ಹಳೇ ಲ್ಯಾಪ್‌ಟಾಪ್ ಥಿಂಕ್‌ಪ್ಯಾಡ್ ಟಿ42ಕ್ಕೆ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ನ ಡಿಸ್ಕ್) ಕೂರಿಸುತ್ತೇನೆ ಅಂದಾಗ ಬೆಂಗಳೂರಿನ ಕಂಪ್ಯೂಟರ್ ಸಂತೆ ಎಸ್‌ಪಿ ರೋಡಿನ ಮೂರು ಅಂಗಡಿಯಲ್ಲೂ ಒಂದೇ ಉತ್ತರ: "ಆಗಲ್ಲ ಸಾರ್, ಐಡಿಇಗೆ ಐಡಿಇನೇ ಬೇಕು. ಹಾಕಿದ್ರೂ ಬೂಟ್ ಆಗಲ್ಲ." ಐಡಿಇ ಅಂದರೆ ಪಿನ್ ಸಾಲಿನ ಹಳೇ ಡಿಸ್ಕ್ ಜೋಡಣೆ, ಅದರ ನಂತರ ಬಂದದ್ದು ಸಾಟಾ, ಸಾಟಾದ ಪುಟ್ಟ ಕಾರ್ಡ್ ರೂಪ ಎಂಸಾಟಾ. ಆ ಮೆಷಿನ್ ಈಗ ಹದಿನಾಲ್ಕು ತಿಂಗಳಿಂದ ದಿನಕ್ಕೆ ಆರೇಳು ಗಂಟೆ 128 ಜಿಬಿ ಎಂಸಾಟಾ ಎಸ್‌ಎಸ್‌ಡಿ ಮೇಲೆ ಓಡುತ್ತಿದೆ. ವಿಂಡೋಸ್ ಎಕ್ಸ್‌ಪಿ ಡೆಸ್ಕ್‌ಟಾಪ್ ಬರಲು ಮೊದಲು ಒಂದೂವರೆ ನಿಮಿಷ, ಈಗ ಇಪ್ಪತ್ತು-ಇಪ್ಪತ್ತೆರಡು ಸೆಕೆಂಡು.

2004ರ ಮೆಷಿನ್ ಯಾಕೆ ಅಂದರೆ, ಅದರಲ್ಲಿರುವುದು ಎಂಬ್ರಾಯ್ಡರಿ ಡಿಸೈನ್ ಸಾಫ್ಟ್‌ವೇರ್, ಅದರ ಡಾಂಗಲ್ (ಚುಚ್ಚಿದ್ದರೆ ಮಾತ್ರ ಸಾಫ್ಟ್‌ವೇರ್ ತೆರೆಯುವ ಕೀಲಿ) ಪ್ಯಾರಲಲ್ ಪೋರ್ಟಿನದು, ಅಂದರೆ ಹಳೇ ಪ್ರಿಂಟರ್ ಪೋರ್ಟಿನದು. ಯುಎಸ್‌ಬಿಯಿಂದ ಪ್ಯಾರಲಲ್ ಮಾಡುವ ಕೇಬಲ್ ಪ್ರಿಂಟರಿಗೆ ಆದೀತು, ಡಾಂಗಲ್‌ಗೆ ಆಗದು.

ಮೊದಲು ನಾನೂ ಐಡಿಇಯನ್ನೇ ಹುಡುಕಿದೆ. ಲೇಬಲ್ ಓದಲು ಬಂದರೆ ಅರ್ಧ ಮೋಸ ತಪ್ಪುತ್ತದೆ. ಸೀಗೇಟ್ ಮಾಡೆಲ್ ನಂಬರಿನ ಕೊನೆಗೆ 'ಎ' ಒಂದೇ ಇದ್ದರೆ ಐಡಿಇ, 'ಎಎಸ್' ಇದ್ದರೆ ಸಾಟಾ. ಹಿಟಾಚಿಯಲ್ಲಿ 'ಎಟಿ00' ಐಡಿಇ, 'ಎಸ್‌ಎ00' ಸಾಟಾ. ಆ ಅಕ್ಷರಗಳಿಗೆ ಮುಂಚೆ ಬರುವ 9 ಅಂದರೆ 9.5 ಮಿ.ಮೀ ದಪ್ಪ. ವೆಸ್ಟರ್ನ್ ಡಿಜಿಟಲ್‌ನಲ್ಲಿ 'ಬಿಇವಿಇ' ಐಡಿಇ, 'ಬಿಇವಿಎಸ್', 'ಬಿಇವಿಟಿ' ಎರಡೂ ಸಾಟಾ. 12.5 ಮಿ.ಮೀ ಡಿಸ್ಕ್ ಟಿ42ರ ಬಾಯಿಗೆ ಹೋಗುವುದೇ ಇಲ್ಲ, ಒತ್ತಬೇಡಿ.

ಲೇಬಲ್ ಸರಿ ಇದ್ದರೂ ಒಳಗಿನ ಆಯಸ್ಸು ಅದರ ಮೇಲೆ ಬರೆದಿರುವುದಿಲ್ಲ. ಮೊದಲ 40 ಜಿಬಿ, ಸುಮಾರು ₹650: ಸ್ಮಾರ್ಟ್ (ಡಿಸ್ಕ್ ತಾನೇ ಇಡುವ ಆರೋಗ್ಯದ ಲೆಕ್ಕ) ನೋಡಿದರೆ ರೀಅಲೊಕೇಟೆಡ್, ಅಂದರೆ ಕೆಟ್ಟು ಬದಲಿ ಜಾಗ ಕೊಟ್ಟ ಸೆಕ್ಟರ್ (ಡಿಸ್ಕಿನ ಪುಟ್ಟ ತುಂಡು) ಇನ್ನೂರರ ಮೇಲೆ, ಪೆಂಡಿಂಗ್, ಅಂದರೆ ಓದಲು ತಡವರಿಸುತ್ತಿರುವುವು ಮೂವತ್ತು ಚಿಲ್ಲರೆ. ಎರಡನೆಯದು 80 ಜಿಬಿ, ₹900: ಯಾರದ್ದೋ ಹಾರ್ಡ್‌ಡಿಸ್ಕ್ ಪಾಸ್‌ವರ್ಡ್ ಬಿದ್ದಿತ್ತು. ಆ ಬೀಗ ಬಯಾಸ್‌ನಲ್ಲಿ (ಆನ್ ಮಾಡಿದಾಗ ಮೊದಲು ಓಡುವ, ಮೆಷಿನ್‌ನ ಬೋರ್ಡಿನದೇ ಪ್ರೋಗ್ರಾಂ) ಇರುವುದಲ್ಲ, ಡಿಸ್ಕಿನೊಳಗೇ ಇರುವುದು. ಬೇರೆ ಮೆಷಿನ್‌ಗೆ ಹಾಕಿದರೂ ತೆರೆಯುವುದಿಲ್ಲ. ಮೂರನೆಯದು 'ಹೊಸದು' ಅಂತ ಕೊಟ್ಟ 160 ಜಿಬಿ, ₹2,400 ಹತ್ತಿರ. ಎಷ್ಟು ಗಂಟೆ ಓಡಿದೆ ಅನ್ನುವ ಲೆಕ್ಕ ಸೊನ್ನೆ, ಆದರೆ ಸ್ಕ್ರೂ ತೂತಿನ ದಾರದಲ್ಲಿ ಹಳೇ ಗೀರು. ಮೂರನೇ ವಾರ ಟಿಕ್ ಟಿಕ್ ಶುರು. ಅಲ್ಲಿಗೆ ನಾಲ್ಕು ಸಾವಿರ ನೀರಿಗೆ. ಇಪ್ಪತ್ತು ವರ್ಷದ ಬೇರಿಂಗಿಗೆ ಇನ್ನೊಂದು ಇಪ್ಪತ್ತು ವರ್ಷದ ಬೇರಿಂಗ್ ಬದಲಿ ಕೊಡುವುದು ದುಡ್ಡು ಕಳೆಯುವ ದಾರಿ, ಅಷ್ಟೇ.

ಆಮೇಲೆ ಎಂಸಾಟಾದಿಂದ 44 ಪಿನ್ ಐಡಿಇ ಮಾಡುವ ಅಡಾಪ್ಟರ್. ಎಸ್‌ಎಸ್‌ಡಿಗಿಂತ ಇದರ ಆಯ್ಕೆಯೇ ಮುಖ್ಯ, ಎಡವುವುದೂ ಇಲ್ಲೇ. ಬರೀ ಬೋರ್ಡು, ಕೇಸ್ ಇಲ್ಲದ್ದು, ಆಗ ₹350ಕ್ಕೆ ಸಿಗುತ್ತಿತ್ತು. ತೆಗೆದುಕೊಳ್ಳಬೇಡಿ. ಟಿ42ರಲ್ಲಿ ಡಿಸ್ಕ್ ಜಾರಿಕೊಂಡು ಹೋಗಿ ಒಳಗಿನ ಕನೆಕ್ಟರಿಗೆ ನೇರವಾಗಿ ಚುಚ್ಚಿಕೊಳ್ಳಬೇಕು. ಬೋರ್ಡಿಗೆ ಆಧಾರ ಇಲ್ಲದಿದ್ದರೆ ಒಂದು ಸಾಲು ಜರುಗಿ ಕೂರುತ್ತದೆ. 41, 42ನೇ ಪಿನ್‌ಗಳಲ್ಲಿ 5 ವೋಲ್ಟ್ ಬರುತ್ತದೆ, 43 ಗ್ರೌಂಡ್. ಜರುಗಿತೋ, ಒಂದು ಸಲ ಪವರ್ ಕೊಟ್ಟರೆ ಸಾಕು, ಅಡಾಪ್ಟರ್ ಕಥೆ ಮುಗಿಯಿತು. ನನ್ನ ಮೊದಲನೆಯದು ಹೋಗಿದ್ದು ಹೀಗೇ, ಹಿಂದೆಯೇ ಸುಟ್ಟ ವಾಸನೆ. ಗುರುತಿಗೆ ಪಿನ್ ಇಲ್ಲದೆ ಬಿಟ್ಟಿರುವ 20ನೇ ಜಾಗ ಎಲ್ಲಿದೆ ಅಂತ ಟಾರ್ಚ್ ಬಿಟ್ಟು ನೋಡಿಕೊಂಡೇ ತಳ್ಳಿ. 100 × 70 × 9.5 ಮಿ.ಮೀ ಅಲ್ಯುಮಿನಿಯಂ ಕೇಸ್, ಬದಿಯಲ್ಲಿ ಎಂ3 ಸ್ಕ್ರೂ ತೂತು ಇರುವುದನ್ನೇ ಆರಿಸಿ. ನನಗೆ ₹750 ಬಿತ್ತು. ಸ್ಕ್ರೂ 3 ಮಿ.ಮೀ ಉದ್ದದ್ದು ಸಾಕು, ಉದ್ದವಾದರೆ ಒಳಗೆ ಬೋರ್ಡಿಗೆ ತಾಗುತ್ತದೆ.

ಪ್ಲಾಸ್ಟಿಕ್ ಕೇಸ್ ಬೇಡ ಅನ್ನುವುದಕ್ಕೆ ಕಾರಣ ಬಿಸಿ. ಲ್ಯಾಪ್‌ಟಾಪ್ ಕೊಡುವುದು 5 ವೋಲ್ಟ್, ಎಂಸಾಟಾಕ್ಕೆ ಬೇಕಾದ್ದು 3.3. ಅಗ್ಗದ ಅಡಾಪ್ಟರಿನಲ್ಲಿ ನಡುವೆ ಒಂದು ಲೀನಿಯರ್ ರೆಗ್ಯುಲೇಟರ್ (ಹೆಚ್ಚಿನ ವೋಲ್ಟನ್ನು ಬಿಸಿಯಾಗಿ ಕಳೆದು ಇಳಿಸುವ ಚಿಪ್) ಕೂತಿರುತ್ತದೆ. ಎಸ್‌ಎಸ್‌ಡಿ ಒಂದು ಆಂಪಿಯರ್ ಎಳೆದರೆ ಮಿಕ್ಕ 1.7 ವೋಲ್ಟ್, ಅಂದರೆ 1.7 ವಾಟ್, ಆ ಹುರುಳಿಕಾಳಿನಷ್ಟು ಚಿಪ್‌ನಲ್ಲೇ ಬಿಸಿಯಾಗಿ ಹೋಗಬೇಕು. 480 ಜಿಬಿಯ ಎಸ್‌ಎಸ್‌ಡಿಯೊಂದು ಹಾಕಿ ನೋಡಿದೆ. ಓದುವಾಗ ಚೆನ್ನಾಗಿತ್ತು, ದೊಡ್ಡ ಫೈಲ್ ಬರೆಯುವಾಗ ಡಿಸ್ಕೇ ಮಾಯ, ನೀಲಿ ಪರದೆ. ಲೇಬಲ್ ಮೇಲಿನ ಆಂಪಿಯರ್ ನೋಡಿ ಕಡಿಮೆ ಎಳೆಯುವ 128 ಜಿಬಿ ಹಾಕಿದ ಮೇಲೆ ತೊಂದರೆ ನಿಂತಿತು. ಹಳೇ ಮೆಷಿನ್‌ನಿಂದ ತೆಗೆದದ್ದು, ₹900. ಅಡಾಪ್ಟರಿನಲ್ಲಿ ಸಾಟಾವನ್ನು ಐಡಿಇ ಮಾಡುವ ಬ್ರಿಡ್ಜ್ ಚಿಪ್ ನನ್ನಲ್ಲಿರುವುದು ಮಾರ್ವೆಲ್ 88ಎಸ್‌ಎ8052. ಅಂಗಡಿಯಲ್ಲೇ ಕೇಸ್ ಬಿಚ್ಚಿಸಿ ನಂಬರ್ ಓದಿಕೊಂಡೆ, ಬೈಸಿಕೊಂಡೆ.

ಅಡಾಪ್ಟರಿನ ಜಂಪರ್ (ಡಿಸ್ಕ್ ಮೊದಲನೆಯದೋ ಎರಡನೆಯದೋ, ಅಂದರೆ ಮಾಸ್ಟರೋ ಸ್ಲೇವೋ ಅಂತ ಹೇಳುವ ಪುಟ್ಟ ಕೊಂಡಿ) ಮಾಸ್ಟರ್‌ಗೇ ಇರಲಿ. ನನ್ನದು ಸ್ಲೇವ್‌ನಲ್ಲಿ ಬಂದಿತ್ತು. ಮೂರು ಸಲ ಆನ್ ಮಾಡಿದರೆ ಒಂದು ಸಲ ಕಾಣುತ್ತಿತ್ತು. ಅದಕ್ಕೇ ಎರಡು ಸಂಜೆ ಹೋಯಿತು.

ಗಾತ್ರ: ಸೆಕ್ಟರುಗಳಿಗೆ 28 ಬಿಟ್ ವಿಳಾಸ ಕೊಡುವ ಬಯಾಸ್ ಇರುವ ಮೆಷಿನ್‌ನಲ್ಲಿ 26,84,35,456 ಸೆಕ್ಟರ್, ಅಂದರೆ 137 ಜಿಬಿಯೇ ಮಿತಿ. ಎಕ್ಸ್‌ಪಿಗೆ ಸರ್ವಿಸ್ ಪ್ಯಾಕ್ 1 ಆದರೂ ಬೇಕು. ಎರಡರಲ್ಲಿ ಒಂದು ತಪ್ಪಿದರೂ ಗಡಿ ದಾಟಿದ ಬರವಣಿಗೆ ಸುತ್ತಿ ಬಂದು ಡಿಸ್ಕಿನ ತಲೆಯ ಮೇಲೇ ಬೀಳಬಹುದು. 120-128 ಜಿಬಿ ಕೊಂಡರೆ ಈ ತಲೆನೋವೇ ಇಲ್ಲ.

ಕ್ಲೋನ್ ಮಾಡಿದ್ದು ಡಿಡಿರೆಸ್ಕ್ಯೂನಲ್ಲಿ (ಕೆಟ್ಟ ಡಿಸ್ಕನ್ನು ನಕಲು ಮಾಡುವ ಸಾಫ್ಟ್‌ವೇರ್). ಮೆಷಿನ್‌ನಲ್ಲಿದ್ದ ಹಳೇ 40 ಜಿಬಿ, 7,81,40,160 ಸೆಕ್ಟರ್. ಡಿಸ್ಕ್ ಆರೋಗ್ಯವಾಗಿದ್ದರೆ ಯುಎಸ್‌ಬಿ 2.0 ಮೇಲೆ ಅರ್ಧ ಗಂಟೆಯ ಕೆಲಸ, ನನಗೆ ಒಂಬತ್ತು ಗಂಟೆ ಹಿಡಿಯಿತು. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗ ಬಿಟ್ಟು ಮುಂದೆ ಹೋಗಲು ಹೇಳಿ, ಕೆಟ್ಟ ಜಾಗವನ್ನು ಕೆದಕಿ ಓದುವುದು ಎರಡನೇ ಸುತ್ತಿಗೆ ಇರಲಿ. ಎಲ್ಲೆಲ್ಲಿ ಓದಿಯಾಯಿತು ಅಂತ ಬರೆದಿಡುವ ಲಾಗ್ ಫೈಲ್ ಇಲ್ಲದೆ ಶುರು ಮಾಡಲೇಬೇಡಿ. ಎಕ್ಸ್‌ಪಿ ಪಾರ್ಟಿಷನ್ (ಡಿಸ್ಕಿನ ವಿಭಾಗ) 63ನೇ ಸೆಕ್ಟರಿನಿಂದ ಶುರುವಾಗುತ್ತದೆ, ಎಸ್‌ಎಸ್‌ಡಿ ಒಳಗಿನ ಜೋಡಣೆಗೆ ಸರಿಹೊಂದಲು 2048 ಬೇಕು. ಪಾರ್ಟಿಷನ್ ಸರಿಸುವ ಸಾಫ್ಟ್‌ವೇರ್ ಜಿಪಾರ್ಟೆಡ್‌ನಲ್ಲಿ ಸರಿಸಿದರೆ ಕೆಲವೊಮ್ಮೆ ಬೂಟ್ ನಿಲ್ಲುತ್ತದೆ, ಎಕ್ಸ್‌ಪಿ ಸಿಡಿಯ ರಿಕವರಿ ಕನ್ಸೋಲಿನಲ್ಲಿ ಕೊಡುವ ಫಿಕ್ಸ್‌ಬೂಟ್ ಆಜ್ಞೆ ಸಾಮಾನ್ಯವಾಗಿ ಎಬ್ಬಿಸುತ್ತದೆ. ಲೈಸೆನ್ಸ್ ಕಳೆದುಕೊಳ್ಳದೆ ಅದನ್ನು ಯಾವ ಕ್ರಮದಲ್ಲಿ ಮಾಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ, ನಾಲ್ಕು ಗಿರಾಕಿಗಳು ಅದಕ್ಕೇ ಬರುತ್ತಾರೆ. ಬಯಾಸ್‌ನಲ್ಲಿ ಪ್ರಿಡೆಸ್ಕ್‌ಟಾಪ್ ಏರಿಯಾ (ಡಿಸ್ಕಿನಲ್ಲಿ ಬಚ್ಚಿಟ್ಟ ರಿಕವರಿ ಜಾಗ) ಡಿಸೇಬಲ್ ಮಾಡಿ.

ಎಲ್ಲ ಆದ ಮೇಲೂ ಆಮೆ ನಡಿಗೆ ಇದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಪ್ರೈಮರಿ ಐಡಿಇ ಚಾನೆಲ್ ನೋಡಿ. ಆರು ಸಲ ಟೈಮ್‌ಔಟ್ ಅಥವಾ ಸಿಆರ್‌ಸಿ ತಪ್ಪು ಕಂಡರೆ ಎಕ್ಸ್‌ಪಿ ಡಿಎಂಎ (ಡಿಸ್ಕಿನಿಂದ ಮೆಮೊರಿಗೆ ನೇರವಾಗಿ ಡೇಟಾ ಸಾಗಿಸುವ ವೇಗದ ವಿಧಾನ) ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ, ತಪ್ಪು ಮುಂದುವರಿದರೆ ಕೊನೆಗೆ ಪ್ರೊಸೆಸರೇ ಹೊರುವ ನಿಧಾನದ ಪಿಐಒಗೆ ಬೀಳುತ್ತದೆ, ತಾನಾಗಿ ಮೇಲೆ ಬರುವುದಿಲ್ಲ. ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಿ ರೀಬೂಟ್. ಡಿಎಂಎಯ ಮೇಲಿನ ಮೆಟ್ಟಿಲು ಯುಡಿಎಂಎ 5ಕ್ಕೆ ಬಂದಾಗ ನನಗೆ ಸೆಕೆಂಡಿಗೆ 80 ಎಂಬಿ ಆಸುಪಾಸು ಸಿಕ್ಕಿತು. 100 ಎಂಬಿ ದಾಟುವುದು ಆ ಡೇಟಾ ಹಾದಿಯಲ್ಲೇ ಇಲ್ಲ, ಹಾಗಾಗಿ ದುಬಾರಿ ಎಸ್‌ಎಸ್‌ಡಿಗೆ ದುಡ್ಡು ಸುರಿಯಬೇಡಿ.

ನಡುವೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನೂ ಪ್ರಯತ್ನಿಸಿದೆ. ಅದು ಐಡಿಇ ಭಾಷೆಯನ್ನೇ ಆಡುವುದರಿಂದ ಅಡಾಪ್ಟರಿಗೆ ಚಿಪ್ಪೇ ಬೇಡ, ₹150. ಆದರೆ ಸಾಮಾನ್ಯ ಕ್ಯಾಮೆರಾ ಕಾರ್ಡ್ ತಾನು 'ರಿಮೂವಬಲ್' ಅಂತ ಹೇಳಿಕೊಳ್ಳುತ್ತದೆ, ಎಕ್ಸ್‌ಪಿ ಅದರ ಮೇಲೆ ಪೇಜ್‌ಫೈಲ್ (ಮೆಮೊರಿ ಸಾಲದಾಗ ಬಳಸುವ ಫೈಲ್) ಇಡಲು ಒಪ್ಪದು. ಫಿಕ್ಸೆಡ್ ಮೋಡಿನ ಇಂಡಸ್ಟ್ರಿಯಲ್ ಕಾರ್ಡಿಗೆ ಕೇಳಿದ ಬೆಲೆಯಲ್ಲಿ ಎರಡು ಎಂಸಾಟಾ ಬರುತ್ತಿದ್ದವು. ಡಾಸ್ ಓಡಿಸುವವರಿಗೆ ಮಾತ್ರ ಅದು ಚಂದ.

ಇದರ ಮುಂದಿನ ಮಾಡೆಲ್ ಟಿ43 ಇದ್ದವರಿಗೆ ಒಂದು ಮಾತು: ಅದರ ಚಿಪ್‌ಸೆಟ್ ಸಾಟಾ, ಬೋರ್ಡ್ ಮೇಲೆ ಬ್ರಿಡ್ಜ್ ಹಾಕಿ ಐಡಿಇ ಮಾಡಿದ್ದಾರೆ. ನಮ್ಮ ಅಡಾಪ್ಟರ್ ಅದನ್ನು ಮತ್ತೆ ಸಾಟಾ ಮಾಡುತ್ತದೆ. ಬಯಾಸಿಗೆ ಗುರುತಿಲ್ಲದ ಡಿಸ್ಕ್ ಕಂಡರೆ ಎರರ್ 2010 ತೋರಿಸಿ ನಿಲ್ಲುತ್ತದೆ. ಎಸ್ಕೇಪ್ ಒತ್ತಿದರೆ ಮುಂದೆ ಹೋಗುತ್ತದೆ, ಆದರೆ ಪ್ರತಿ ಸಲ ಆನ್ ಮಾಡಿದಾಗಲೂ ಒತ್ತುತ್ತಿರಬೇಕು.