ಬಾಲ ಕಚ್ಚದ ಪೆಪ್ಟೈಡ್

ಸೂಜಿಯಿಲ್ಲದ ಸಿರಿಂಜನ್ನು ಎಲೆಯ ಹಿಂಬದಿಗೆ ಒತ್ತಿ ದ್ರವ ತುಂಬುವುದು ನೋಡಲು ಸುಲಭ. ಮೊದಲ ವಾರ ನನ್ನ ಕೈಯಲ್ಲಿ ಎಲೆಗಳು ಹರಿದದ್ದೇ ಹೆಚ್ಚು. ಕುಂಡಗಳಿಗೆ ಮೊದಲೇ ನೀರು ಹಾಕಿ, ಒಂದು ಗಂಟೆ ಬೆಳಕಿನಲ್ಲಿಟ್ಟರೆ ಪತ್ರರಂಧ್ರಗಳು ತೆರೆದಿರುತ್ತವೆ ಎಂದು ತಿಳಿದ ಮೇಲೆ ಕೈ ಪಳಗಿತು. ಎಲೆಯ ಮೇಲ್ಬದಿಗೆ ಬೆರಳು ಆನಿಸಿ ಮೆಲ್ಲನೆ ಒತ್ತಿದರೆ ಸಾಕು, ನೆನೆದ ಬಟ್ಟೆಯಂತೆ ಕಡುಹಸಿರು ಹರಡುತ್ತದೆ.

ಗಿಡ ನಿಕೋಟಿಯಾನಾ ಬೆಂಥಾಮಿಯಾನಾ, ಹೊಗೆಸೊಪ್ಪಿನ ಆಸ್ಟ್ರೇಲಿಯಾದ ದಾಯಾದಿ. ದ್ರವದಲ್ಲಿರುವುದು ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ. ನಾವು ಕೊಟ್ಟ ಜೀನನ್ನು ಅದು ಎಲೆಯ ಕೋಶಗಳಿಗೆ ದಾಟಿಸುತ್ತದೆ. ಜೀನು ಆ ಎಲೆಯಲ್ಲೇ ಉಳಿಯುತ್ತದೆ, ಬೀಜಕ್ಕೆ ಹೋಗುವುದಿಲ್ಲ. ಕುಲಾಂತರಿ ಎಂದ ಕೂಡಲೇ ಹುಬ್ಬೇರಿಸುವ ನೆಂಟರಿಗೆ ನಾನು ಮೊದಲು ಹೇಳುವುದು ಇದನ್ನೇ.

ನನಗೆ ಬೇಕಿದ್ದದ್ದು ಕಲಾಟಾ ಬಿ1 ಎಂಬ ಪೆಪ್ಟೈಡ್, ಅಂದರೆ ಅಮೈನೊ ಆಮ್ಲಗಳ ಪುಟ್ಟ ಸರ. ಕಾಂಗೋದ ಹೆಂಗಸರು ಹೆರಿಗೆ ಬೇಗವಾಗಲೆಂದು ಒಂದು ಗಿಡದ ಕಷಾಯ ಕುಡಿಯುತ್ತಿದ್ದುದನ್ನು ನಾರ್ವೆಯ ವೈದ್ಯ ಲೊರೆಂಟ್ಸ್ ಗ್ರಾನ್ ಗಮನಿಸಿದ್ದರು. ಗಿಡದ ಹೆಸರು ಓಲ್ಡೆನ್‌ಲಾಂಡಿಯಾ ಅಫಿನಿಸ್. ಅದರ ಈ ಪೆಪ್ಟೈಡ್ ಕುದಿಸಿದರೂ ಕೆಡುವುದಿಲ್ಲ. 29 ಅಮೈನೊ ಆಮ್ಲಗಳ ಸರ ತನ್ನ ಬಾಲವನ್ನೇ ಕಚ್ಚಿ ಉಂಗುರವಾಗಿದೆ, ನಡುವೆ ಗಂಧಕದ ಮೂರು ಬಂಧಗಳು ಗಂಟು ಹಾಕಿವೆ. ನುಂಗಬಹುದಾದ ಪೆಪ್ಟೈಡ್ ಔಷಧಗಳಿಗೆ ಇದನ್ನು ಚೌಕಟ್ಟಾಗಿ ಬಳಸುವ ಆಸೆ ಹುಟ್ಟಿದ್ದೇ ಈ ಗಟ್ಟಿತನದಿಂದ.

ಆರನೆಯ ದಿನ ಎಲೆ ಕೊಯ್ದು ಪೆಪ್ಟೈಡಿನ ಅಣುತೂಕ ಅಳೆದೆ. ಬರಬೇಕಾಗಿದ್ದದ್ದು 2890 ಡಾಲ್ಟನ್, ಬಂದದ್ದು 2908. ವ್ಯತ್ಯಾಸ 18, ಅಂದರೆ ತುದಿಗಳು ಕೂಡುವಾಗ ಹೊರಹೋಗಬೇಕಾದ ಒಂದು ನೀರಿನ ಅಣು: ಸರದ ತುದಿಗಳು ಕೂಡಿರಲಿಲ್ಲ. ಎರಡು ತಿಂಗಳು ಬ್ಯಾಕ್ಟೀರಿಯಾವನ್ನು, ಬೆಳಕನ್ನು, ಪೆಪ್ಟೈಡನ್ನು ಬೇರ್ಪಡಿಸುವ ಕಾಲಮ್ಮನ್ನು ದೂರಿದೆ. ತಪ್ಪು ನನ್ನ ಎಣಿಕೆಯಲ್ಲಿತ್ತು. ಪೆಪ್ಟೈಡಿನ ಜೀನ್ ಕೊಟ್ಟರೆ ಉಳಿದದ್ದನ್ನು ಗಿಡವೇ ನೋಡಿಕೊಳ್ಳುತ್ತದೆ ಎಂದುಕೊಂಡಿದ್ದೆ. ಬೆಂಥಾಮಿಯಾನಾದ ಕಿಣ್ವಗಳು ಕತ್ತರಿಸುವುದರಲ್ಲಿ ಚುರುಕು, ಹೊಲಿಯುವುದರಲ್ಲಿ ಸೋಮಾರಿ.

ಹೊಲಿಯುವ ಕಿಣ್ವ ಓಲ್ಡೆನ್‌ಲಾಂಡಿಯಾದಲ್ಲೇ ಇದೆ. (ನಮ್ಮ ಬೇಲಿಗಳ ಶಂಖಪುಷ್ಪದಲ್ಲೂ ಅಂಥದ್ದೊಂದಿದೆ. ಸಿಂಗಪುರದವರು 2014ರಲ್ಲಿ ಅದನ್ನು ವರದಿ ಮಾಡಿದರು. ಅಜ್ಜಿ ದಿನವೂ ದೇವರಿಗೆ ಏರಿಸುತ್ತಿದ್ದ ಹೂವು!) ಆ ಕಿಣ್ವದ ಜೀನನ್ನೂ, ಹೊರಗಿನಿಂದ ಬಂದ ಜೀನನ್ನು ಎಲೆ ಅಡಗಿಸದಂತೆ ತಡೆಯುವ ಪಿ19 ಅನ್ನೂ ಅದೇ ಸಿರಿಂಜಿನಲ್ಲಿ ಬೆರೆಸಿದೆ. ಅಳತೆಯ ಗೆರೆಯಲ್ಲಿ 2890ರ ಗುಡ್ಡ ಕಾಣಿಸಿತು. ಪಕ್ಕದಲ್ಲಿ 2908ರ ಗುಡ್ಡವೂ ಪೂರ್ತಿ ಕರಗದೆ ನಿಂತಿತ್ತು.

ಪತ್ರಹರಿತ್ತಿನ ಜಿಗುಟಿನಿಂದ ಪೆಪ್ಟೈಡನ್ನು ಬಿಡಿಸುವ ಹೊತ್ತಿಗೆ ಕುಂಡಗಳ ಸಾಲೆಲ್ಲ ಬರಿದಾಗಿ, ನಳಿಕೆಯ ತಳದಲ್ಲಿ ಚಿಟಿಕೆಗೂ ಕಡಿಮೆ ಬಿಳಿಪುಡಿ ಉಳಿಯಿತು. ಹಿಂಡಿದ ಎಲೆ, ಕಾಂಡ, ಮಣ್ಣು ಎಲ್ಲವನ್ನೂ ನಿಯಮದಂತೆ ಬಿಸಿ ಉಗಿಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕಿ, ಮುಂದಿನ ಸರದಿಯ ಗಿಡಗಳ ಬೀಜ ಬಿತ್ತಿದೆ.