ಹೊಸ ಕರ್ನಲ್ ಹಾಕಿದ ಮೇಲೆ ಸಿಸ್ಟಮ್ ನಿಧಾನ: ನಾನು ಸರಿಮಾಡಿದ್ದು ಹೀಗೆ

ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ನಾನೇ ಕಂಪೈಲ್ ಮಾಡಿ ಹಾಕಿದ ಮೇಲೆ ಟರ್ಮಿನಲ್ ತೆರೆಯೋದಕ್ಕೂ ಕಾಯಬೇಕಾಯಿತು. ಹಳೇ ಕರ್ನಲ್‌ನಲ್ಲಿ ಬೂಟ್ ಮಾಡಿದರೆ ಎಲ್ಲ ಸರಾಗ, ಹಾಗಾಗಿ ಹಾರ್ಡ್‌ವೇರ್ ಮೇಲಿನ ಅನುಮಾನ ಬಿಟ್ಟೆ. ಸಿಪಿಯು ವೇಗ ನಿರ್ಧರಿಸುವ ಗವರ್ನರ್ ಕೂಡ ಸರಿಯಾಗಿತ್ತು. ಆಮೇಲೆ ಕರ್ನಲ್ ಸೋರ್ಸ್‌ನ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲೇ ಇರುವ ಡಿಫ್‌ಕಾನ್ಫಿಗ್ ಅನ್ನೋ ವ್ಯತ್ಯಾಸ ತೋರಿಸುವ ಸ್ಕ್ರಿಪ್ಟ್‌ಗೆ ಹಳೇ, ಹೊಸ ಎರಡೂ ಕಾನ್ಫಿಗ್ ಫೈಲ್ (ಕರ್ನಲ್‌ನ ಆಯ್ಕೆಗಳ ಪಟ್ಟಿ) ಕೊಟ್ಟಾಗ ಕಾರಣ ಕಣ್ಣಿಗೆ ಬಿತ್ತು: ಕಾಸಾನ್ (KASAN), ಪ್ರೂವ್ ಲಾಕಿಂಗ್ ಅನ್ನೋ ಎರಡು ತಪಾಸಣೆ ಆಯ್ಕೆಗಳು ಆನ್ ಆಗಿದ್ದವು. ಕಾಸಾನ್ ಇದ್ದರೆ ಕರ್ನಲ್ ಮೆಮೊರಿ ಮುಟ್ಟುವಾಗಲೆಲ್ಲ ಅದು ಸರಿಯಾದ ಜಾಗವಾ ಅಂತ ತಪಾಸಣೆ ನಡೆಯುತ್ತದೆ, ಪ್ರೂವ್ ಲಾಕಿಂಗ್ ಆದರೆ ಯಾವ ಲಾಕ್ (ಒಂದೇ ಡೇಟಾವನ್ನು ಒಟ್ಟಿಗೆ ಬದಲಿಸದಂತೆ ತಡೆಯುವ ಬೀಗ) ಆದಮೇಲೆ ಯಾವ ಲಾಕ್ ಹಿಡಿಯಲಾಯಿತು ಅಂತ ಲೆಕ್ಕ ಇಡುತ್ತದೆ. ದೋಷ ಹುಡುಕುವವರಿಗೆ ಇವು ನಿಜಕ್ಕೂ ಬೇಕು, ದಿನದ ಕೆಲಸಕ್ಕೆ ಸುಮ್ನೆ ಭಾರ ಅಲ್ವಾ. ಮೆನುಕಾನ್ಫಿಗ್‌ನ (ಕರ್ನಲ್ ಆಯ್ಕೆಗಳನ್ನು ಬದಲಿಸುವ ಮೆನು) ಕರ್ನಲ್ ಹ್ಯಾಕಿಂಗ್ ವಿಭಾಗದಲ್ಲಿ ಎರಡನ್ನೂ ತೆಗೆದು ಮತ್ತೆ ಕಂಪೈಲ್ ಮಾಡಿದೆ. ಈಗ ಕೀ ಒತ್ತಿದ ಕೂಡಲೇ ಟರ್ಮಿನಲ್ ತೆರೆಯುತ್ತದೆ.