ಚೀಲದಲ್ಲಿ ಬಂದ ಹಳೇ ಚೀಟಿಗಳು

ಉಚಿತವಾಗಿ ವಕೀಲರನ್ನು ಒದಗಿಸುವ ಕಾನೂನು ಸೇವಾ ಪ್ರಾಧಿಕಾರದಿಂದ, ಆರೋಪಿಯ ಪರ ವಾದಿಸಲು ನನಗೆ ಬಂದ ಕೇಸು ಅದು. ಆರೋಪಿ ತನ್ನ ಅಣ್ಣನನ್ನು ಮಚ್ಚಿನಿಂದ ಕೊಂದಿದ್ದ. ಜೈಲಿನಲ್ಲಿ ನೋಡಲು ಹೋದರೆ ಗೋಡೆಯ ಜೊತೆ ಮಾತಾಡುತ್ತಿದ್ದ. ವಿಚಾರಣೆ ಅರ್ಥವಾಗುವ ಸ್ಥಿತಿಯಲ್ಲಿ ಇವನಿಲ್ಲ ಅಂತ ಮೊದಲು ಅರ್ಜಿ ಹಾಕಿದೆ. ಚಿಕಿತ್ಸೆಗೆ ಕಳಿಸಿದರು, ಹನ್ನೊಂದು ತಿಂಗಳು ಕೇಸು ನಿಂತಿತು.

"ತಲೆ ಸರಿ ಇಲ್ಲ ಅಂತ ಸರ್ಟಿಫಿಕೇಟ್ ಕೊಟ್ರೆ ಬಿಡ್ತಾರಾ ಸಾರ್?" ಅಂದರು ಅವನ ತಾಯಿ. ಬಿಡುವುದಿಲ್ಲ. ಆಗಿನ ಭಾರತೀಯ ದಂಡ ಸಂಹಿತೆಯ (ಐಪಿಸಿ) 84ನೇ ಕಲಂ, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ, ಎರಡೂ ಕೇಳುವುದು ಒಂದೇ: ಮಚ್ಚು ಎತ್ತಿದ ಆ ಗಳಿಗೆಯಲ್ಲಿ ತಾನೇನು ಮಾಡುತ್ತಿದ್ದೇನೆ, ಅದು ತಪ್ಪು ಅಂತ ಅವನಿಗೆ ತಿಳಿಯುವಂತಿತ್ತಾ? ಇವತ್ತಿನ ಸರ್ಟಿಫಿಕೇಟ್ ಆ ದಿನದ ಬಗ್ಗೆ ಏನೂ ಹೇಳುವುದಿಲ್ಲ. ಆ ಗಳಿಗೆಯಲ್ಲಿ ಅವನಿಗೆ ತಿಳಿಯುವಂತಿರಲಿಲ್ಲ ಅಂತ ತೋರಿಸುವ ಹೊಣೆ ನಮ್ಮದೇ. ಆದರೆ ಅನುಮಾನವೇ ಇಲ್ಲದಂತೆ ಸಾಬೀತು ಮಾಡಬೇಕಿಲ್ಲ, ಹಾಗಿದ್ದಿರುವ ಸಂಭವವೇ ಜಾಸ್ತಿ ಅನ್ನಿಸಿದರೆ ಸಾಕು. 1964ರಿಂದಲೂ ಸುಪ್ರೀಂ ಕೋರ್ಟಿನ ಮಾತು ಇದೇ.

"ಅಮ್ಮ, ಮನೇಲಿರೋ ಆಸ್ಪತ್ರೆಯ ಹಳೇ ಚೀಟಿ ಒಂದೂ ಬಿಡದೆ ತನ್ನಿ" ಅಂದೆ. ಬಟ್ಟೆ ಚೀಲದ ತುಂಬ ತಂದರು. ಅರಿಶಿನದ ಕಲೆ, ಮಡಿಕೆಯಲ್ಲಿ ಹರಿದ ಓಪಿಡಿ (ಹೊರರೋಗಿ ವಿಭಾಗ) ಚೀಟಿಗಳು. ತಾರೀಖಿನ ಪ್ರಕಾರ ಟೇಬಲ್ ಮೇಲೆ ಜೋಡಿಸಿದೆ. ಕೊನೆಯದು ಕೊಲೆಗೆ ಮೂರು ವಾರ ಮುಂಚಿನದು: ಮಾತ್ರೆ ಬಿಟ್ಟಿದ್ದಾನೆ, ಕಿವಿಯಲ್ಲಿ ದನಿ ಕೇಳುತ್ತಿದೆ. ಬರೆದ ಡಾಕ್ಟರನ್ನೇ ಸಾಕ್ಷಿಗೆ ಕರೆಸಿದೆ.

ಪ್ರಾಸಿಕ್ಯೂಷನ್ ಕರೆಸಿದ್ದ ಪಕ್ಕದ ಮನೆಯಾತನಿಗೆ ಪಾಟಿ ಸವಾಲಿನಲ್ಲಿ ಕೇಳಿದ್ದು ಒಂದೇ: ನೀವು ಹೋದಾಗ ಅವನೇನು ಮಾಡುತ್ತಿದ್ದ?

"ಹೆಣದ ತಲೆ ತೊಡೆ ಮೇಲೆ ಇಟ್ಕೊಂಡು ಕೂತಿದ್ದ. ಅಣ್ಣಂಗೆ ಬಾಯಾರಿದೆ, ನೀರು ಕೊಡಿ ಅಂತಿದ್ದ."

ನಾನು ಸುಮ್ನೆ ಕೂತೆ. ಚಿಕಿತ್ಸೆಯ ವಿಷಯ ಗೊತ್ತಿದ್ದೂ ವೈದ್ಯಕೀಯ ಪರೀಕ್ಷೆ ಮಾಡಿಸಲಿಲ್ಲ ಅಂತ ತನಿಖಾಧಿಕಾರಿ ಒಪ್ಪಿದರು. ಅದು ಪ್ರಾಸಿಕ್ಯೂಷನ್ ಕೇಸಿನ ಗಂಭೀರ ದೋಷ ಅಂತ ಸುಪ್ರೀಂ ಕೋರ್ಟಿನ 2007ರ ತೀರ್ಪೇ ಇದೆ.

ಸೋತಿದ್ದರೂ ಆ ಚೀಟಿಗಳನ್ನು ಶಿಕ್ಷೆಯ ವಾದಕ್ಕೆ ಇಡುತ್ತಿದ್ದೆ. ಕೊಲೆಗೆ ಜೀವಾವಧಿಗಿಂತ ಕಡಿಮೆ ಇಲ್ಲ, ನಿಜ. ಆದರೆ ಗಲ್ಲು ತಪ್ಪಿಸಲು ತೀವ್ರ ಮನೋರೋಗ ಒಂದು ಕಾರಣ ಅಂತ 2014ರಲ್ಲೂ 2019ರಲ್ಲೂ ಸುಪ್ರೀಂ ಕೋರ್ಟ್ ಒಪ್ಪಿದೆ.

ಖುಲಾಸೆ ಆಯಿತು. ತಾಯಿ ಅವನಿಗೆ ಹೊಸ ಶರ್ಟು ತಂದಿದ್ದರು. ಆದರೆ ಇಂಥ ಖುಲಾಸೆಯಲ್ಲಿ ಕೋರ್ಟು ಸೀದಾ ಮನೆಗೆ ಬಿಡುವುದಿಲ್ಲ. ಸುರಕ್ಷಿತ ಕಡೆ ಇರಿಸಬೇಕು, ಇಲ್ಲವೇ ಜಾಮೀನು ಪಡೆದು ಹತ್ತಿರದವರಿಗೆ ಒಪ್ಪಿಸಬೇಕು. ಅವನನ್ನು ಆಸ್ಪತ್ರೆಗೆ ಕಳಿಸಿದರು. ನಾನು ಇದನ್ನು ಆ ತಾಯಿಗೆ ಮೊದಲೇ ಹೇಳಿರಲಿಲ್ಲ. ಶರ್ಟಿನ ಕವರ್ ಹಿಡಿದುಕೊಂಡೇ ಅವರು ಬಸ್ ಹತ್ತಿದರು. ಈಗ ಇಂಥ ಕೇಸು ಬಂದರೆ, ವಕಾಲತ್ತಿಗೆ ಸಹಿ ಹಾಕಿಸುವ ಮುಂಚೆಯೇ ಮನೆಯವರನ್ನು ಕೂರಿಸಿ ಇದನ್ನು ಹೇಳುತ್ತೇನೆ.